ಕೃಷ್ಣ ಊರು ಬಿಟ್ಟ ಮೂರು ರಾತ್ರಿ

ಗೆಳೆಯಾ,

ಮೊನ್ನೆ ಭಾನುವಾರ ರಾತ್ರಿ ಕುವೆಂಪು ರಂಗಮಂದಿರದಿಂದ ಮನೆಗೆ ನಡೆದೇ ಬಂದೆ. ಬೈಕು ಅಲ್ಲೇ ಉಳಿದಿತ್ತು. ಅದು ನೆನಪಾದದ್ದು ಬೆಳಿಗ್ಗೆ ಹಾಲು ತರಲು ಹೊರಟಾಗ. ಅಂಥ ರಾತ್ರಿ ಅದು. ನಿನಗೆ ಹೇಳದೆ ಇದ್ದರೆ ನನಗೆ ಸಮಾಧಾನವಿಲ್ಲ. ನಿನಗೊಬ್ಬನಿಗೇ ಕಳಿಸಿದರೆ ನೀನು ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಾಲ್ಕು ಜನರ ಎದುರು ಕೇಳಿದರೆ ಉತ್ತರ ಕೊಡದೆ ಇರುವವನಲ್ಲ ನೀನು.

ವಿಷಯ ನಮ್ಮ ಕೃಷ್ಣನದು. ಫೋನಿನಲ್ಲಿ ಹೇಳಿದ್ದೆನಲ್ಲ, ಇಲ್ಲಿನ ತಂಡವೊಂದು ಕವಿ ಪು.ತಿ.ನ. ಅವರ ಗೀತನಾಟಕ 'ಗೋಕುಲ ನಿರ್ಗಮನ' ಆಡುತ್ತಿದೆ, ಕೃಷ್ಣನ ಪಾತ್ರಕ್ಕೆ ಒಬ್ಬ ಹುಡುಗಿ ಬಂದಿದ್ದಾಳೆ ಅಂತ. ಅವಳಿಗೆ 23 ವರ್ಷ. ನರ್ಸಿಂಗ್ ಓದಿದವಳು. ಈಗ ಕಲಬುರಗಿ ಕಡೆ ಸ್ಟಾಫ್ ನರ್ಸ್ ಕೆಲಸ ಸಿಕ್ಕಿದೆ. ಆರ್ಡರ್ ಕೈಗೆ ಬಂದಾಗಿದೆ. ಹಾಗಾಗಿ ಅವಳ ಕೊನೆಯ ಮೂರು ಆಟ ಅಂತ ಗೊತ್ತಾಯಿತು. ಹೆಗ್ಗೋಡು, ತೀರ್ಥಹಳ್ಳಿ, ಶಿವಮೊಗ್ಗ. ಮೂರಕ್ಕೂ ಹೋದೆ. ಮನೆಯಲ್ಲಿ ಹೆಂಡತಿ ಏನೂ ಅನ್ನಲಿಲ್ಲ. ಟಾರ್ಚು ಮತ್ತು ಸ್ವೆಟರ್ ತೆಗೆದು ಮೇಜಿನ ಮೇಲಿಟ್ಟಿದ್ದಳು, ಅಷ್ಟೇ.

ಹೆಗ್ಗೋಡಿನ ಆಟ ಶಿವರಾಮ ಕಾರಂತ ರಂಗಮಂದಿರದಲ್ಲಿ. ಒಳಗೆ ಹೋದವನು ಮೊದಲು ನೋಡಿದ್ದು ನಾವು ಕೂತಿದ್ದ ಜಾಗವನ್ನು. ರಂಗ ನಿರ್ದೇಶಕ ಬಿ.ವಿ. ಕಾರಂತರು ಸಂಗೀತ ಹಾಕಿ ಆಡಿಸಿದ್ದ ಇದೇ ನಾಟಕವನ್ನು ನಾವಿಬ್ಬರೂ ಅಲ್ಲೇ ಕೂತು ನೋಡಿದ್ದೆವು. ಸಾಗರಕ್ಕೆ ವಾಪಸ್ ನಡೆದು ಬರುವಾಗ ನೀನು ದಾರಿಯುದ್ದಕ್ಕೂ ಹಾಡಿದ್ದೆ. ಕೋಳಿ ಸಿಕ್ಕಿದ್ದೂ ಅವತ್ತೇ. ಇರಲಿ.

ಈ ತಂಡದವರೂ ಕಾರಂತರ ಮಟ್ಟುಗಳನ್ನೇ ಇಟ್ಟುಕೊಂಡಿದ್ದಾರೆ. ರಂಗಗೀತೆಯನ್ನು ಸಂಗೀತ ಕಚೇರಿಯ ಹಾಗೆ ಹಾಡಿದರೆ ಸತ್ತುಹೋಗುತ್ತೆ ಅಂತ ನೀನು ಹೇಳುತ್ತಿದ್ದೆ. ಈ ಹುಡುಗಿಯನ್ನು ನೀನು ಕೇಳಬೇಕಿತ್ತು. ಜೇನಿನಂಥ ಗಂಟಲೇನಲ್ಲ. ಸ್ವಲ್ಪ ಒಡಕು ದನಿ. ಹಾರ್ಮೋನಿಯಂ ಶ್ರುತಿ ಕೊಟ್ಟ ಕೂಡಲೇ ಹಾಡು ಎತ್ತುವುದಿಲ್ಲ. ಒಂದು ಉಸಿರು ತಡೆಯುತ್ತಾಳೆ. ಎದುರಿಗಿದ್ದ ಗೋಪಿಯ ಮುಖ ನೋಡುತ್ತಾಳೆ. ಅವಳಿಗೆ ಏನೋ ಹೇಳಬೇಕು, ಬರೀ ಮಾತಿನಲ್ಲಿ ಆಗುತ್ತಿಲ್ಲ, ಅದಕ್ಕೇ ಹಾಡುತ್ತಿದ್ದಾಳೆ ಅನ್ನಿಸುತ್ತೆ. ಈ ಸೀಸನ್ನಿನಲ್ಲಿ 14 ಆಟ ಆಯಿತು. ನಾನು 11 ನೋಡಿದೆ. ಆ ತಡೆದ ಉಸಿರು ಒಂದು ಸಲವೂ ಸುಳ್ಳು ಅನ್ನಿಸಲಿಲ್ಲ.

ತೀರ್ಥಹಳ್ಳಿಯಲ್ಲಿ ಬಯಲು ರಂಗ. ಆಟ ಅರ್ಧ ಆಗಿತ್ತು, ಕರೆಂಟ್ ಹೋಯಿತು. ಲೈಟಿಲ್ಲ, ಮೈಕಿಲ್ಲ. ಜನ ಗುಜುಗುಜು ಶುರು ಮಾಡಿದರು, ಮಕ್ಕಳು ಕೂಗಿದರು. ರಂಗದ ಮೇಲಿದ್ದವಳು ಅವಳೊಬ್ಬಳೇ. ಹಾಡು ನಿಲ್ಲಿಸಲಿಲ್ಲ. ಹಾಗಂತ ದನಿ ಏರಿಸಲೂ ಇಲ್ಲ. ಇನ್ನೂ ತಗ್ಗಿಸಿದಳು ಮಾರಾಯ! ಕೇಳಬೇಕಾದರೆ ನಾವೇ ಸುಮ್ಮನಾಗಬೇಕಾಯಿತು. ಸಾಲು ಸಾಲಾಗಿ ಜನ ಸುಮ್ಮನಾಗುತ್ತಾ ಬಂದದ್ದು ಆ ಕತ್ತಲಲ್ಲಿ ಕಿವಿಗೆ ಗೊತ್ತಾಗುತ್ತಿತ್ತು. ಮೃದಂಗದವರು ಬರೀ ಬೆರಳ ತುದಿಯಲ್ಲಿ ಹಿಡಿದರು. ಕೊನೆಗೆ ಹಿಂದಿನ ಮರದಲ್ಲಿ ಹಕ್ಕಿ ರೆಕ್ಕೆ ಬಡಿದದ್ದೂ ಕೇಳಿಸಿತು. ಜನರೇಟರ್ ಹಚ್ಚಿ ಬೆಳಕು ಬಂದಾಗ ನೋಡಿದರೆ ಅವಳು ಎಲ್ಲಿ ನಿಂತಿದ್ದಳೋ ಅಲ್ಲೇ ಇದ್ದಳು. ಪಕ್ಕದಲ್ಲಿ ಕೂತಿದ್ದ ಅಜ್ಜ ಒಬ್ಬರು ನನ್ನ ಕೈ ಹಿಡಿದುಕೊಂಡಿದ್ದರು. ಇಬ್ಬರಿಗೂ ಪರಿಚಯವಿಲ್ಲ.

ವಾಪಸ್ ಬರುವಾಗ ಮಂಡಗದ್ದೆ ದಾಟುವವರೆಗೂ ಆ ಹಾಡೇ ತಲೆಯಲ್ಲಿತ್ತು. ಪಕ್ಕದಲ್ಲಿ ತುಂಗೆ, ಮೇಲೆ ಚಳಿ. ಗಾಜನೂರಿನ ಹತ್ತಿರ ಬೈಕು ನಿಲ್ಲಿಸಿ ಒಂದು ಲೆಕ್ಕ ಹಾಕಿದೆ. ಪು.ತಿ.ನ. ಮೈಸೂರು ಸಂಸ್ಥಾನದ ಸೈನ್ಯ ಇಲಾಖೆಯ ಕಚೇರಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಕಡತದ ನಡುವೆಯೇ ಬರೆದರು. ಹಾಗಾದರೆ ಇವಳೂ ಕೆಲಸ ಮಾಡುತ್ತಾ ನಾಟಕ ಮಾಡಬಹುದಲ್ಲ ಅಂತ. ಆದರೆ ಲೆಕ್ಕ ಸರಿ ಹೋಗಲಿಲ್ಲ. ಕವಿತೆ ಬರೆಯಲು ಒಬ್ಬ ಮನುಷ್ಯ ಸಾಕು, ಯಾವ ಊರಾದರೂ ನಡೆಯುತ್ತೆ. ನಾಟಕಕ್ಕೆ ಸಂಜೆ ಆರಕ್ಕೆ ತಾಲೀಮಿಗೆ ಬರಬೇಕು. ಗೋಪಿಯರು ಇಲ್ಲಿ, ಕೃಷ್ಣ ಕಲಬುರಗಿಯಲ್ಲಿ, ಅದರ ಮೇಲೆ ನೈಟ್ ಡ್ಯೂಟಿ. ಆಗಲ್ಲ.

ಇನ್ನು ಶಿವಮೊಗ್ಗದ್ದು. ಈ ಪ್ರಯೋಗದಲ್ಲಿ ಕೊನೆಗೆ ಕೃಷ್ಣ ಕೊಳಲನ್ನು ನೆಲದ ಮೇಲಿಟ್ಟು ಮಥುರೆಗೆ ಹೊರಡುತ್ತಾನೆ. ಮೊದಮೊದಲ ಆಟಗಳಲ್ಲಿ ಅವಳು ಒಮ್ಮೆ ತಿರುಗಿ ನೋಡುತ್ತಿದ್ದಳು. ಆಮೇಲೆ ಬಿಟ್ಟಳು, ನೇರ ಹೋಗಿಬಿಡುತ್ತಿದ್ದಳು. ಅದೇ ಚೆನ್ನಾಗಿತ್ತು. ಮೊನ್ನೆ ಮಾತ್ರ ತಿರುಗುತ್ತಾಳೆ ಅಂತ ನಾನು ಕಾದೆ. ಕೊನೆಯ ಸಲ ಅಲ್ವಾ, ಕೈ ನಡುಗಬಹುದು, ಕಣ್ಣು ತುಂಬಬಹುದು ಅಂತ. ಏನೂ ಆಗಲಿಲ್ಲ. ಕೊಳಲನ್ನು ಎಂದಿನ ಹಾಗೆ ಇಟ್ಟಳು. ಎಂದಿನ ಹಾಗೆ ಹೋದಳು. ಅತ್ತದ್ದು ನಾನು.

ಆಟ ಮುಗಿದ ಮೇಲೆ ಗ್ರೀನ್ ರೂಮಿಗೆ ಹೋದೆ. ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸುತ್ತಿದ್ದಳು. ಅರ್ಧ ಮುಖ ಕೃಷ್ಣ, ಅರ್ಧ ಮುಖ ಅವಳು. ಪಕ್ಕದಲ್ಲಿ ಅವಳ ಅಮ್ಮ, ಬಟ್ಟೆಯ ಚೀಲ ಹಿಡಿದು. ಅವರು ಅಡಿಕೆ ಸುಲಿಯಲು ಹೋಗುವವರು. ಬೆರಳೆಲ್ಲ ಕಪ್ಪಾಗಿತ್ತು.

"ಸರ್, ಮೂರೂ ಕಡೆ ಬಂದಿದ್ರಿ ಅಲ್ವಾ," ಅಂದಳು. "ಕಲಬುರಗೀಲಿ ಬಿಸಿಲು ತುಂಬಾ ಜಾಸ್ತಿಯಂತೆ, ಹೌದಾ ಸರ್?"

ನಾನು ಅದಕ್ಕೆ ಉತ್ತರ ಕೊಡಬೇಕಿತ್ತು. ಕೊಡಲಿಲ್ಲ. "ಒಂದು ವರ್ಷ ಮುಂದಕ್ಕೆ ಹಾಕೋಕೆ ಆಗಲ್ವಾ?" ಅಂತ ಕೇಳಿಬಿಟ್ಟೆ.

ಅವಳು ನಕ್ಕಳು. ಅಮ್ಮ ನಗಲಿಲ್ಲ. ನನ್ನ ಮುಖವನ್ನೇ ನೋಡಿ, "ಹೋಗ್ಲಿ ಬಿಡಿ ಸರ್ ಅವಳು," ಅಂದರು. ಅಷ್ಟೇ ಮಾತು. ಬೈಕು ಮರೆತು ನಡೆದು ಬಂದದ್ದು ಇದಕ್ಕೆ.

ಗೆಳೆಯಾ, ನಾನು ಕೇಳಿದ್ದು ಬಾಯಿ ತಪ್ಪಿ ಬಂದ ಮಾತಲ್ಲ. ಆರ್ಡರ್ ಬಂದಿದೆ ಅಂತ ಗೊತ್ತಾದ ದಿನದಿಂದ ಅದು ಹೇಗಾದರೂ ತಪ್ಪಿಹೋಗಲಿ ಅಂತ ಒಳಗೊಳಗೇ ಆಸೆಪಟ್ಟಿದ್ದೆ. ಯಾರದೋ ಮನೆಯ ಅನ್ನ ತಪ್ಪಲಿ, ನನಗೆ ನಾಟಕ ಸಿಗಲಿ ಅಂತ. ಅದನ್ನು ಅಭಿಮಾನ ಅಂದುಕೊಂಡಿದ್ದೆ. ಆ ತಾಯಿಗೆ ಅದು ಒಂದು ಕ್ಷಣದಲ್ಲಿ ಕಂಡಿತು. ನಾವು ಆಗ ಎಷ್ಟು ಹುಡುಗರಿಗೆ ಹೇಳಿದ್ದೆವು ನೆನಪಿದೆಯಾ, ಬಿ.ವಿ. ಕಾರಂತರು ಮನೆ ಬಿಟ್ಟು ಓಡಿಬಂದು ಗುಬ್ಬಿ ನಾಟಕ ಕಂಪೆನಿ ಸೇರಿದ ಕತೆಯನ್ನು? ಆ ಹುಡುಗರ ಮನೆಯಲ್ಲಿ ಒಲೆ ಹೇಗೆ ಉರಿಯುತ್ತಿದೆ ಅಂತ ಒಂದು ದಿನವಾದರೂ ವಿಚಾರಿಸಿದ್ದೆನಾ? ಅಕ್ರೂರನ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ಅವನು ಕೃಷ್ಣನನ್ನು ಕರೆದೊಯ್ಯಲು ರಥ ತಂದವನು, ಅಷ್ಟೇ. ಹೊರಟವನಿಗೆ ಮಥುರೆಯಲ್ಲಿ ಕೆಲಸ ಇತ್ತು.

ಇಲ್ಲಿಗೆ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆದರೆ ಇಷ್ಟು ಬರೆದ ಮೇಲೆ ಇನ್ನೊಂದನ್ನು ಮುಚ್ಚಿಟ್ಟರೆ ಬರೆದದ್ದೆಲ್ಲ ಸುಳ್ಳಾಗುತ್ತೆ.

1998, ಪು.ತಿ.ನ. ತೀರಿಕೊಂಡ ವರ್ಷ. ನಾವು ಇದೇ ನಾಟಕ ಎತ್ತಿಕೊಂಡಿದ್ದೆವು. ನೀನು ಕೃಷ್ಣ. ತಾಲೀಮು ಶುರುವಾಗಿ ಮೂರು ವಾರ ಆಗಿತ್ತು, ನಿನಗೆ ಬ್ಯಾಂಕಿನ ಆರ್ಡರ್ ಬಂತು. ಎಲ್ಲರೂ ಬಸ್ ಸ್ಟ್ಯಾಂಡಿಗೆ ಬಂದಿದ್ದರು. ನಾನು ಬರಲಿಲ್ಲ. ಜ್ವರ ಅಂತ ಹೇಳಿ ಕಳಿಸಿದ್ದೆ.

ಜ್ವರ ಇರಲಿಲ್ಲ. ಮನೆಯ ಜಗುಲಿಯಲ್ಲಿ ಕೂತಿದ್ದೆ. ಬಸ್ಸು ಕೆಟ್ಟು ನಿಲ್ಲಲಿ, ಆರ್ಡರ್ ವಾಪಸ್ ಆಗಲಿ ಅಂತ ಬೇಡಿಕೊಳ್ಳುತ್ತಿದ್ದೆ. ಆಗ ನಿನ್ನ ಅಪ್ಪ ಹಾಸಿಗೆ ಹಿಡಿದು ಆರು ತಿಂಗಳಾಗಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬೇಡಿಕೊಂಡೆ. ಮುಂಬೈಯಿಂದ ನೀನು ಬರೆದ ಮೊದಲ ಕಾಗದದಲ್ಲಿ, 'ಜ್ವರ ಬಿಟ್ಟಿತಾ, ಮೈ ಕಡೆ ನೋಡಿಕೋ' ಅಂತ ಕೇಳಿದ್ದೆ. ಆ ಕಾಗದ ಈಗಲೂ ಇದೆ. ಅದಕ್ಕೆ ನಾನು ಉತ್ತರ ಬರೆಯಲಿಲ್ಲ. ಕೆಲಸದ ಒತ್ತಡದಲ್ಲಿ ನೀನು ಮರೆತಿರಬಹುದು. ನಾನು ಮರೆತಿಲ್ಲ.

ಇದನ್ನು ಹೀಗೆ ಎಲ್ಲರ ಮುಂದೆ ಹೇಳುತ್ತೇನೆ ಅಂತ ಬರೆಯಲು ಕೂತಾಗ ಗೊತ್ತಿರಲಿಲ್ಲ.

ಸರಿ, ಬೇರೆ ಮಾತಾಡೋಣ. ಹುಡುಗಿ ಹೊರಡುವ ಮುಂಚೆ ನಿನ್ನೆ ಅವರ ಮನೆಗೆ ಹೋಗಿ ಬಂದೆವು, ಇಬ್ಬರೂ. ಬಿಸಿಲಿನ ಪ್ರಶ್ನೆಗೆ ಉತ್ತರ ಬಾಕಿ ಇತ್ತಲ್ಲ. ಹತ್ತಿ ಬಟ್ಟೆ ತಗೋ, ಒಂದು ಮಣ್ಣಿನ ಮಡಕೆ ಕೊಂಡುಕೋ, ಮಧ್ಯಾಹ್ನ ಹೊರಗೆ ಬೀಳಬೇಡ ಅಂತ ಹೇಳಿದೆ. ನರ್ಸಿಗೆ ನಾನು ಹೇಳಿದೆ ನೋಡು! ಅವರ ಅಮ್ಮ ಚಹಾ ಕೊಟ್ಟರು, ಜೊತೆಗೆ ಚಕ್ಕುಲಿ. ಈ ಸಲ ನಕ್ಕರು.

ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಎರಡು ಜಾಡಿ ಹಾಕಿದೆ. ಒಂದನ್ನು ಅವಳಿಗೆ ಕಟ್ಟಿಕೊಟ್ಟೆವು. ಇನ್ನೊಂದು ನಿನ್ನದು. ಪಾರ್ಸೆಲ್ ಮಾಡುವುದಿಲ್ಲ, ನೀನೇ ಬಂದು ತಗೊಂಡು ಹೋಗಬೇಕು. ಮಳೆ ಹಿಡಿಯುವ ಮೊದಲು ಬಂದರೆ ಹೆಗ್ಗೋಡಿಗೂ ಹೋಗಿ ಬರೋಣ. ಈ ಸಲ ಬಸ್ ಸ್ಟ್ಯಾಂಡಿಗೆ ನಾನು ಬರುತ್ತೇನೆ. ಬರುವಾಗಲೂ, ಹೋಗುವಾಗಲೂ.

ಕೋಳಿಯ ವಿಷಯ ಇವತ್ತಿಗೂ ಯಾರಿಗೂ ಹೇಳಿಲ್ಲ. ನೀನೂ ಹೇಳಬೇಡ.

ನಿನ್ನವನೇ