ಏಳನೆಯ ಪುಟಕ್ಕೆ ಸಹಿ ಹಾಕುವ ಮುನ್ನ

ಮಣ್ಣಗುಡ್ಡೆ, ಮಂಗಳೂರು
ಆಟಿ ತಿಂಗಳು, ಭಾನುವಾರ ಸಂಜೆ

ಪ್ರೀತಿಯ ಮಗಳೇ,

ನೀನು ಮೊಬೈಲಿಗೆ ಕಳುಹಿಸಿದ ಹಾಸ್ಯ ಧಾರಾವಾಹಿಯ ಕರಾರುಪತ್ರವನ್ನು ಹಂಪನಕಟ್ಟೆಯ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡು ಬಂದೆ. ಹನ್ನೊಂದು ಪುಟ. ಮೂವತ್ತೊಂದು ವರ್ಷ ಬ್ಯಾಂಕಿನ ಸಾಲದ ವಿಭಾಗದಲ್ಲಿ ಕುಳಿತವಳಿಗೆ ಪರದೆಯ ಮೇಲೆ ಓದಿದರೆ ಓದಿದಂತಾಗುವುದಿಲ್ಲ. ಕಾಗದ ಕೈಯಲ್ಲಿರಬೇಕು, ಅಂಚಿನಲ್ಲಿ ಪೆನ್ಸಿಲು ಓಡಾಡಬೇಕು. ನಿನ್ನೆ ರಾತ್ರಿ ಅಪ್ಪ ಮಲಗಿದ ಮೇಲೆ ಎರಡು ಸಲ ಓದಿದೆ. ಎರಡು ಸಲವೂ ಏಳನೆಯ ಪುಟದಲ್ಲಿ ನಿಂತುಬಿಟ್ಟೆ. ಅದರ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ನನ್ನ ಕಡೆಯಿಂದ ತೀರಿಸಬೇಕಾದ ಬಾಕಿ ಒಂದಿದೆ.

ಮೂರು ವರ್ಷಗಳ ಹಿಂದೆ ನೀನು ಕೆಲಸ ಬಿಟ್ಟು ನಟನೆಗೆ ಹೋಗುತ್ತೇನೆ ಎಂದ ಬೆಳಗ್ಗೆ, ನಾನು ನೀರುದೋಸೆಯ ಕಾವಲಿಯ ಮುಂದೆ ನಿಂತು ಹೇಳಿದ್ದು ನಿನಗೆ ನೆನಪಿರುತ್ತದೆ. "ಹೋಗುವುದಾದರೆ ಗೌರವದ ಪಾತ್ರಕ್ಕೆ ಹೋಗು, ನಾಲ್ಕು ಜನ ನೋಡಿ ನಗುವಂಥದ್ದಕ್ಕೆ ಬೇಡ" ಎಂದಿದ್ದೆ. ನೀನು ತಟ್ಟೆ ತೊಳೆದಿಟ್ಟು ಹೊರಗೆ ಹೋದೆ. ಆ ಮಾತು ತಪ್ಪು. ನೀನು ಚಿಕ್ಕವಳಿದ್ದಾಗ ಈಟಿವಿ ಕನ್ನಡದಲ್ಲಿ ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು' ಬಂದರೆ ನಾನು ಚಪಾತಿ ಲಟ್ಟಿಸುವುದನ್ನು ಅರ್ಧಕ್ಕೆ ಬಿಟ್ಟು ಬಂದು ಕೂರುತ್ತಿದ್ದೆ. 'ಸಿಲ್ಲಿ ಲಲ್ಲಿ'ಯಲ್ಲಿ ರವಿಶಂಕರ್ ಗೌಡ ಅವರು ಮಾಡುತ್ತಿದ್ದ ವಿಠ್ಠಲ್ ರಾವ್ ಡಾಕ್ಟರನ್ನು ನೀನು ಅನುಕರಿಸಿದಾಗ ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ಬೇರೆಯವರ ಮಕ್ಕಳು ನಗಿಸಲಿ, ನನ್ನ ಮಗಳು ಮಾತ್ರ ಆ ಕೆಲಸ ಮಾಡಬಾರದು ಎಂದುಕೊಂಡಿದ್ದೆನಲ್ಲ, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕಳೆದ ಮಳೆಗಾಲದಲ್ಲಿ ನೀನು ಫೋನಿನಲ್ಲಿ ಲೂಸಿಲ್ ಬಾಲ್ ಎಂಬ ಹಾಸ್ಯನಟಿಯ ಹೆಸರು ಹೇಳಿ, ಅವಳ 'ಐ ಲವ್ ಲೂಸಿ' ಧಾರಾವಾಹಿಯ ಚಾಕೊಲೇಟ್ ಕಾರ್ಖಾನೆಯ ಕಂತನ್ನು ನೋಡು ಎಂದೆ. 1952ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಪ್ರಸಾರವಾದದ್ದು, ಕಪ್ಪುಬಿಳುಪು. ಇಬ್ಬರು ಹೆಂಗಸರು ಸರಿಯುವ ಪಟ್ಟಿಯ ಮೇಲೆ ಬರುವ ಚಾಕೊಲೇಟುಗಳಿಗೆ ಕಾಗದ ಸುತ್ತಬೇಕು. ಒಂದು ತಪ್ಪಿದರೂ ಕೆಲಸ ಹೋಗುತ್ತದೆ. ಮೊದಲು ನಿಧಾನ. ಆಮೇಲೆ ವೇಗ. ಕೈ ಸಾಲದೆ ಬಾಯಿಗೆ ತುಂಬಿಕೊಳ್ಳುತ್ತಾರೆ, ಟೊಪ್ಪಿಯೊಳಗೆ, ರವಿಕೆಯೊಳಗೆ ಸೇರಿಸುತ್ತಾರೆ. ಮೇಲ್ವಿಚಾರಕಿ ಬಂದು ಪಟ್ಟಿಯ ಮೇಲೆ ಒಂದೂ ಉಳಿದಿಲ್ಲದ್ದನ್ನು ಕಂಡು, ಚೆನ್ನಾಗಿ ಮಾಡುತ್ತಿದ್ದಾರೆಂದು ತಿಳಿದು ಇನ್ನೂ ವೇಗ ಹೆಚ್ಚಿಸಲು ಕೂಗುತ್ತಾಳೆ. ಮೊದಲ ಸಲ ನಾನು ನಕ್ಕೆ. ಎರಡನೆಯ ಸಲ ನನ್ನ ಚಿಕ್ಕಮ್ಮನ ನೆನಪಾಯಿತು. ಅವರು ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುತ್ತಿದ್ದರು. ಸಂಜೆ ತೂಕ ಮಾಡಿ ಕೂಲಿ, ಚೂರಾದ ತಿರುಳಿಗೆ ಕಡಿತ. ಬೇರೆಯವರು ಗೊತ್ತುಮಾಡಿದ ವೇಗಕ್ಕೆ ಕೈಯೋಡಿಸಿ ಬದುಕಿದ ಪ್ರತಿಯೊಬ್ಬ ಹೆಂಗಸಿನ ಕಥೆ ಆ ಮೂರು ನಾಲ್ಕು ನಿಮಿಷಗಳಲ್ಲಿ ಇದೆ. ಅದನ್ನು ಗೋಳಾಗಿ ತೋರಿಸಿದ್ದರೆ ಚಿಕ್ಕಮ್ಮ ನೋಡುತ್ತಿರಲಿಲ್ಲ. ಹೀಗೆ ತೋರಿಸಿದ್ದರಿಂದ ಎಪ್ಪತ್ತು ವರ್ಷಗಳ ಮೇಲೆ, ಬೇರೆ ದೇಶದ, ಬೇರೆ ಭಾಷೆಯ ನಾನು ಎದ್ದು ಕುಳಿತು ನೋಡಿದೆ.

ನಮ್ಮೂರಿನ ಯಕ್ಷಗಾನದ ಆಟ ನೋಡಿ ಬೆಳೆದವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ಮಿಜಾರು ಅಣ್ಣಪ್ಪನವರ ಹಾಸ್ಯವಿದೆ ಎಂದರೆ ನಿನ್ನ ಅಜ್ಜ ಗದ್ದೆ ಬದುವಿನಲ್ಲಿ ಟಾರ್ಚ್ ಹಿಡಿದು ಮೈಲಿಗಟ್ಟಲೆ ನಡೆದುಹೋಗುತ್ತಿದ್ದರು. ನಳದಮಯಂತಿಯ ಕಥೆಯಲ್ಲಿ, ರೂಪ ಕಳೆದುಕೊಂಡು ಸಾರಥಿಯಾಗಿ ಬದುಕುವ ಬಾಹುಕನ ಪಾತ್ರವನ್ನು ಹಾಸ್ಯಗಾರರೇ ಮಾಡುವುದನ್ನು ನೀನೂ ನೋಡಿದ್ದೀಯೆ. ರಾಜ್ಯವನ್ನೂ ಹೆಂಡತಿಯನ್ನೂ ಕಳೆದುಕೊಂಡವನ ದುಃಖ ಹೊರಲು ಮೇಳದವರು ನಗಿಸುವವನನ್ನೇ ಆರಿಸಿಕೊಂಡರು. ಆ ಹಿರಿಯರಿಗೆ ಕಲೆಯ ತೂಕ ಗೊತ್ತಿತ್ತು.

ಆಮೇಲೆ ನಾನು ಲೂಸಿಲ್ ಬಾಲ್ ಬದುಕಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 1911ರಲ್ಲಿ ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್ ಎಂಬ ಊರಿನಲ್ಲಿ ಹುಟ್ಟಿದಳು. ಅಪ್ಪ ಟೆಲಿಫೋನ್ ಕಂಪನಿಯ ಕಂಬದ ಕೆಲಸಗಾರ. ಇವಳಿಗೆ ಮೂರು ವರ್ಷವಾದಾಗ ವಿಷಮಶೀತ ಜ್ವರದಿಂದ ತೀರಿಕೊಂಡ. ಹದಿಹರೆಯದಲ್ಲಿ ನ್ಯೂಯಾರ್ಕ್ ನಗರದ ನಾಟಕ ಶಾಲೆಗೆ ಸೇರಿದರೆ, ಈ ಹುಡುಗಿ ತೀರ ಅಂಜುಬುರುಕಿ, ಇವಳಿಂದ ಆಗದು ಎಂದು ಮನೆಗೆ ಕಳುಹಿಸಿದರು. 1933ರಲ್ಲಿ ಹಾಲಿವುಡ್ಡಿಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಲ್ಲುವ ಹುಡುಗಿಯಾದಳು. ಅಲ್ಲಿಂದ ಹದಿನೆಂಟು ವರ್ಷ ಸಣ್ಣ ಬಂಡವಾಳದ ಚಿತ್ರಗಳು, ಎರಡನೆಯ ದರ್ಜೆಯ ಪಾತ್ರಗಳು. 'ಐ ಲವ್ ಲೂಸಿ' ಶುರುವಾದದ್ದು 1951ರ ಅಕ್ಟೋಬರ್ 15ರಂದು. ಆಗ ಅವಳಿಗೆ ನಲವತ್ತು ತುಂಬಿತ್ತು, ಕಂಕುಳಲ್ಲಿ ಮೂರು ತಿಂಗಳ ಮಗಳಿದ್ದಳು. ನಿನಗಿನ್ನೂ ಇಪ್ಪತ್ತೆಂಟು. ಆಯ್ಕೆ ಪರೀಕ್ಷೆಗೆ ಹೋಗಿ ಬಂದು, "ನನ್ನ ಕಾಲ ಮುಗಿಯಿತು" ಎಂದು ಅತ್ತ ರಾತ್ರಿ ನಿನಗೆ ಹೇಳಲು ಈ ಲೆಕ್ಕ ನನ್ನ ಬಳಿ ಇರಲಿಲ್ಲ.

ಟಿವಿ ಸಂಸ್ಥೆ ಮೊದಲು ಕೇಳಿದ್ದು ಇವಳೊಬ್ಬಳನ್ನೇ. ನನ್ನ ಗಂಡನೇ ನನ್ನ ಗಂಡನ ಪಾತ್ರ ಮಾಡಬೇಕು ಎಂದು ಹಟ ಹಿಡಿದಳು. ಗಂಡ ಡೆಸಿ ಆರ್ನಾಜ್ ಕ್ಯೂಬಾದವನು, ಸಂಗೀತಗಾರ, ಅವನ ಇಂಗ್ಲಿಷಿನಲ್ಲಿ ಸ್ಪಾನಿಷ್ ಧಾಟಿ ಎದ್ದು ಕಾಣುತ್ತಿತ್ತು. ಜನ ಒಪ್ಪುವುದಿಲ್ಲ ಎಂದರು ಟಿವಿಯವರು. ಇಬ್ಬರೂ 1950ರಲ್ಲಿ ಊರೂರಿಗೆ ಹೋಗಿ ರಂಗದ ಮೇಲೆ ಜೋಡಿಯಾಗಿ ಆಡಿ, ಜನ ಒಪ್ಪುತ್ತಾರೆ ಎಂದು ತೋರಿಸಿದರು. ನಮ್ಮ ತಿರುಗಾಟದ ಮೇಳಗಳ ಹಾಗೆ. ಮಂಗಳೂರಿನ ಕನ್ನಡವೆಂದು ನಿನ್ನ ಉಚ್ಚಾರಣೆಯನ್ನು ಯಾರೋ ಆಡಿಕೊಂಡರು ಎಂದೆಯಲ್ಲ, ಡೆಸಿಯ ಕಥೆ ಓದುವಾಗ ನನಗೆ ನೆನಪಾದದ್ದು ಅದು. ನಿನ್ನ ಮಾತನ್ನು ತಿದ್ದಿಕೊಳ್ಳಬೇಡ. ಪಾತ್ರಕ್ಕೆ ಬೇಕೆಂದರೆ ಬೇರೆ ಧಾಟಿ ಕಲಿ, ನಾಚಿಕೆಗಾಗಿ ಕಲಿಯಬೇಡ.

ಈಗ ಬ್ಯಾಂಕಿನವಳ ಮನಸ್ಸನ್ನು ಹಿಡಿದು ನಿಲ್ಲಿಸಿದ ಭಾಗ ಹೇಳುತ್ತೇನೆ. ಆ ಕಾಲದಲ್ಲಿ ಟಿವಿ ಕಾರ್ಯಕ್ರಮಗಳು ಹೆಚ್ಚಾಗಿ ನ್ಯೂಯಾರ್ಕಿನಿಂದ ನೇರವಾಗಿ ಪ್ರಸಾರವಾಗುತ್ತಿದ್ದವು. ದೇಶದ ಇನ್ನೊಂದು ತುದಿಯವರಿಗೆ ಸಿಗುತ್ತಿದ್ದದ್ದು ಪರದೆಯನ್ನೇ ಚಿತ್ರೀಕರಿಸಿದ ಮಸುಕು ಪ್ರತಿ. ಈ ದಂಪತಿ ಲಾಸ್ ಏಂಜಲೀಸ್ ಬಿಡಲು ಒಪ್ಪಲಿಲ್ಲ. ಸಿನಿಮಾದಂತೆ 35 ಎಂಎಂ ಫಿಲ್ಮಿನಲ್ಲಿ, ಮೂರು ಕ್ಯಾಮೆರಾ ಇಟ್ಟು, ಎದುರಿಗೆ ಪ್ರೇಕ್ಷಕರನ್ನು ಕೂರಿಸಿ ಚಿತ್ರೀಕರಿಸುತ್ತೇವೆ ಎಂದರು. ಅದಕ್ಕಾಗಿ ಕಾರ್ಲ್ ಫ್ರಾಯಿಂಡ್ ಎಂಬ ಹೆಸರಾಂತ ಛಾಯಾಗ್ರಾಹಕನನ್ನು ಕರೆತಂದರು. ಎಲ್ಲ ಕಡೆಯಿಂದಲೂ ಬೆಳಕು ಸಮನಾಗಿ ಬೀಳುವಂತೆ ವ್ಯವಸ್ಥೆ ಮಾಡಿದವನು ಅವನು. ಖರ್ಚು ಜಾಸ್ತಿಯೆಂದು ಸಂಸ್ಥೆ ತಕರಾರು ತೆಗೆದಾಗ, ಇವರು ವಾರಕ್ಕೆ 1000 ಡಾಲರ್ ಸಂಬಳ ಕಡಿಮೆ ಮಾಡಿಕೊಂಡು, ಬದಲಿಗೆ ಆ ಫಿಲ್ಮುಗಳ ಒಡೆತನ ಕೇಳಿದರು. ಒಮ್ಮೆ ತೋರಿಸಿದ ಕಂತನ್ನು ಮತ್ತೆ ಯಾರು ನೋಡುತ್ತಾರೆ ಎಂದು ಸಂಸ್ಥೆ ಕೊಟ್ಟುಬಿಟ್ಟಿತು.

ಮುಂದಿನ ವರ್ಷ ಲೂಸಿಲ್ ಮತ್ತೆ ಬಸುರಿಯಾದಳು. ಬಸಿರು ಮುಚ್ಚಿಡದೆ ಅದನ್ನೇ ಕಥೆಯೊಳಗೆ ತಂದರು. ಆದರೆ ಕಾರ್ಯಕ್ರಮದಲ್ಲಿ 'ಬಸುರಿ' ಎಂಬ ಪದ ಬಳಸಲು ಅನುಮತಿಯಿರಲಿಲ್ಲ, ಯೋಚಿಸಿ ನೋಡು. ಸಂಭಾಷಣೆಯನ್ನು ಮೂರು ಪಂಥಗಳ ಧರ್ಮಗುರುಗಳಿಂದ ಓದಿಸಿ ಒಪ್ಪಿಗೆ ಪಡೆಯುತ್ತಿದ್ದರು. 1953ರ ಜನವರಿ 19ರಂದು ಕಥೆಯ ಮಗು ಪರದೆಯ ಮೇಲೆ ಹುಟ್ಟಿತು, ಅದೇ ದಿನ ಅವಳ ನಿಜವಾದ ಮಗನೂ ಹುಟ್ಟಿದ. ಸುಮಾರು 4 ಕೋಟಿ 40 ಲಕ್ಷ ಜನ ಆ ಕಂತು ನೋಡಿದರು. ಮರುದಿನ ನಡೆದ ಅಧ್ಯಕ್ಷ ಐಸೆನ್‌ಹೋವರ್ ಪದಗ್ರಹಣಕ್ಕೂ ಅಷ್ಟು ಜನರಿರಲಿಲ್ಲ. ಬಾಣಂತಿಗೆ ವಿಶ್ರಾಂತಿ ಬೇಕಲ್ಲ, ಆ ಖಾಲಿ ವಾರಗಳನ್ನು ತುಂಬಲು ಹಳೆಯ ಕಂತುಗಳನ್ನೇ ಮತ್ತೆ ಹಾಕಿದರು. ಜನ ಅವನ್ನೂ ಕೂತು ನೋಡಿದರು. ಮರುಪ್ರಸಾರಕ್ಕೆ ಬೆಲೆಯಿದೆ ಎಂಬುದು ಕಂಡದ್ದು ಒಬ್ಬ ತಾಯಿಯ ಬಾಣಂತನದಲ್ಲಿ. ಆ ಫಿಲ್ಮುಗಳ ಹಕ್ಕು ಮಾರಿ ಬಂದ ಹಣ ಅವರ ಕಂಪನಿಯನ್ನು ಬೆಳೆಸಿತು. 1957ರಲ್ಲಿ ಅವರು ಆರ್‌ಕೆಒ ಸ್ಟುಡಿಯೊವನ್ನೇ ಕೊಂಡರು. ಹಿಂದೆ ಲೂಸಿಲ್ ಸಣ್ಣ ಪಾತ್ರಗಳಿಗೆ ದುಡಿದದ್ದು ಅದೇ ಸ್ಟುಡಿಯೊದಲ್ಲಿ.

ಎಲ್ಲವೂ ಸುಖವಾಗಿತ್ತೆಂದು ಬರೆದರೆ ಸುಳ್ಳಾಗುತ್ತದೆ. 1960ರಲ್ಲಿ ವಿಚ್ಛೇದನವಾಯಿತು. ಗಂಡಹೆಂಡಿರಾಗಿ ನಟಿಸಿದ ಕೊನೆಯ ಕಂತಿನ ಚಿತ್ರೀಕರಣ ಮುಗಿದ ಮರುದಿನವೇ ಅವಳು ಅರ್ಜಿ ಹಾಕಿದಳು. ಆ ಕೊನೆಯ ದಿನವೂ ನಗಿಸಿದ್ದಾಳೆ. 1962ರಲ್ಲಿ ಗಂಡನ ಪಾಲನ್ನು ಕೊಂಡುಕೊಂಡು ದೊಡ್ಡ ಟಿವಿ ಸ್ಟುಡಿಯೊದ ಮುಖ್ಯಸ್ಥೆಯಾದ ಮೊದಲ ಹೆಂಗಸಾದಳು. ಕಂಪನಿಯವರು ಖರ್ಚು ನೋಡಿ ಹಿಂಜರಿದಾಗಲೂ ಬಾಹ್ಯಾಕಾಶದ ಕಥೆಯ 'ಸ್ಟಾರ್ ಟ್ರೆಕ್' ಧಾರಾವಾಹಿಯ ಬೆನ್ನಿಗೆ ನಿಂತವಳು ಅವಳೇ. 1967ರಲ್ಲಿ ಸ್ಟುಡಿಯೊವನ್ನು 1 ಕೋಟಿ 70 ಲಕ್ಷ ಡಾಲರಿಗೆ ಮಾರಿದಳು. 1986ರಲ್ಲಿ ಎಪ್ಪತ್ತೈದರ ಹೊತ್ತಿಗೆ ಮತ್ತೊಂದು ಧಾರಾವಾಹಿ ಮಾಡಿದಳು, ಎಂಟು ಕಂತು ಪ್ರಸಾರವಾಗುತ್ತಲೇ ನಿಲ್ಲಿಸಿದರು. ಅದು ಅವಳಿಗೆ ಬಹಳ ನೋವು ಕೊಟ್ಟಿತಂತೆ. 1989ರ ಏಪ್ರಿಲಿನಲ್ಲಿ ತೀರಿಕೊಂಡಳು.

ನಿನಗೆ ಕೊಟ್ಟಿರುವುದು ಪಕ್ಕದ ಮನೆಯ ಹೆಂಗಸಿನ ಪಾತ್ರ, ಅಷ್ಟೇ ಎಂದೆ. ಲೂಸಿಯ ಪಕ್ಕದ ಮನೆಯವಳು ಎಥೆಲ್. ಆ ಪಾತ್ರ ಮಾಡಿದ ವಿವಿಯನ್ ವ್ಯಾನ್ಸ್‌ಳ ಮುಖವನ್ನೇ ನೋಡುತ್ತ ಚಾಕೊಲೇಟಿನ ಕಂತನ್ನು ಇನ್ನೊಮ್ಮೆ ನೋಡು. ತನಗಿಂತ ಇಪ್ಪತ್ತೆರಡು ವರ್ಷ ಹಿರಿಯ ನಟನ ಹೆಂಡತಿಯಾಗಿ ನಟಿಸುವುದು ಅವಳಿಗೆ ಸುತರಾಂ ಇಷ್ಟವಿರಲಿಲ್ಲ. ಆದರೂ ಲೂಸಿ ಎಸೆದ ಒಂದೊಂದು ಮಾತನ್ನೂ ಹಿಡಿದು ಹಿಂತಿರುಗಿಸಿದ್ದಾಳೆ. ಭಾಗವತರಿಗೆ ಮದ್ದಳೆಯವರು ಹೇಗೋ ಹಾಗೆ. 1954ರಲ್ಲಿ ಅವಳಿಗೆ ಪೋಷಕ ನಟಿಯ ಎಮ್ಮಿ ಎಂಬ ಟಿವಿ ಪ್ರಶಸ್ತಿ ಬಂತು.

ಇನ್ನು ಏಳನೆಯ ಪುಟ. ನಿನ್ನ ಅಭಿನಯವನ್ನು ಈಗಿರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಎಲ್ಲ ಭಾಷೆಗಳಲ್ಲಿ, ಎಂದೆಂದಿಗೂ ಬಳಸುವ ಹಕ್ಕು ಅವರದ್ದು. ಅದಕ್ಕೆ ಬೇರೆ ಹಣವಿಲ್ಲ ಎಂದಿದೆ. ಇಂಥ ಸಾಲುಗಳು ಎಲ್ಲ ಕರಾರಿನಲ್ಲೂ ಇರುತ್ತವೆ ಎಂದು ಅವರು ಹೇಳುತ್ತಾರೆ. ನಮ್ಮ ಕೌಂಟರಿನಲ್ಲೂ ಹಾಗೆಯೇ ಹೇಳಿ ಸಹಿ ಮಾಡಿಸುತ್ತಿದ್ದೆವು. ಕೇಳಿದವರಿಗೆ ಮಾತ್ರ ಬದಲಾಯಿಸಿ ಕೊಟ್ಟದ್ದೂ ಇದೆ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾದಾಗ, ಕಲಾವಿದರ ಅಭಿನಯವನ್ನು ವಾಣಿಜ್ಯಕ್ಕೆ ಬಳಸಿದರೆ ರಾಯಧನಕ್ಕೆ ಅವರು ಅರ್ಹರು ಎಂಬ ಮಾತು ಸೇರಿತು. ಇದನ್ನು ಬಲ್ಲ ವಕೀಲರೊಬ್ಬರಿಗೆ ಆ ಪುಟ ತೋರಿಸು, ಶುಲ್ಕ ನಾನು ಕೊಡುತ್ತೇನೆ. ಒಂಬತ್ತನೆಯ ಪುಟದಲ್ಲಿ ಹಣ ತೊಂಬತ್ತು ದಿನಗಳ ನಂತರ ಎಂದಿದೆ. ಹಾಗಿದ್ದರೆ ಮೂರು ತಿಂಗಳ ಬಾಡಿಗೆ ಕೈಯಲ್ಲಿ ಇಟ್ಟುಕೊಂಡೇ ಒಪ್ಪಿಕೊ. ಕಾಲ್‌ಶೀಟ್ ಕೊಟ್ಟ ದಿನಗಳನ್ನು ಒಂದು ಪುಸ್ತಕದಲ್ಲಿ ಬರೆದಿಡು, ಕಡಿತವಾದ ಟಿಡಿಎಸ್ ಪ್ರಮಾಣಪತ್ರ ಕೇಳಿ ಪಡೆದುಕೊ. ಪಾತ್ರ ಕೈತಪ್ಪೀತು ಎಂದು ಹೆದರಿ ಕೇಳದೆ ಇರಬೇಡ. ಕೇಳಿದ ಮೇಲೂ ಅವರು ಒಪ್ಪದಿದ್ದರೆ, ತಿಳಿದೇ ಸಹಿ ಹಾಕಿದಂತಾಗುತ್ತದೆ. ನಿರ್ಧಾರ ನಿನ್ನದು, ನಾನು ಎರಡನೆಯ ಮಾತಾಡುವುದಿಲ್ಲ.

ಇನ್ನೊಂದು ವಿಷಯ. ಲೂಸಿಲ್‌ಳ ತಾಯಿ ಡೀಡಿ ಚಿತ್ರೀಕರಣದ ದಿನ ಪ್ರೇಕ್ಷಕರ ನಡುವೆ ಬಂದು ಕೂರುತ್ತಿದ್ದಳಂತೆ. ಮಗಳು ಏನೋ ಎಡವಟ್ಟಿಗೆ ಕೈಹಾಕುತ್ತಾಳೆ ಎನ್ನುವಾಗ ಅವಳು ತಡೆಯಲಾರದೆ ತೆಗೆದ ಉದ್ಗಾರ ಹಳೆಯ ಕಂತುಗಳ ಧ್ವನಿಯಲ್ಲಿ ಹಾಗೆಯೇ ಉಳಿದಿದೆ. ಅದನ್ನು ಓದಿದ ಮೇಲೆ ನಾನು ಕಂತುಗಳನ್ನು ಕಣ್ಣು ಮುಚ್ಚಿಕೊಂಡು ಕೇಳತೊಡಗಿದೆ. ನಿಮ್ಮಲ್ಲಿ ಪ್ರೇಕ್ಷಕರನ್ನು ಕೂರಿಸುವುದಿಲ್ಲ, ನಗುವನ್ನು ಆಮೇಲೆ ಸೇರಿಸುತ್ತಾರೆ ಎಂದು ನೀನು ಹೇಳಿದ್ದು ಗೊತ್ತು. ಆದರೂ ಒಂದು ದಿನ ಬರುತ್ತೇನೆ. ಬಾಯಿಗೆ ಸೆರಗು ಹಿಡಿದು, ದೀಪಗಳ ಹಿಂದೆ ನಿಲ್ಲುತ್ತೇನೆ.

ಇವತ್ತು ಹಿತ್ತಲಿನ ಕೆಸುವಿನ ಎಲೆಯಲ್ಲಿ ಪತ್ರೊಡೆ ಮಾಡಿದ್ದೇನೆ. ಗುರುತು ಹಾಕಿದ ಕರಾರುಪತ್ರ, ಈ ಕಾಗದ, ಪತ್ರೊಡೆಯ ಡಬ್ಬಿ ಮೂರನ್ನೂ ಅಪ್ಪ ಇವತ್ತೇ ರಾತ್ರಿಯ ಬಸ್ಸಿಗೆ ಕೊಟ್ಟು ಬರುತ್ತಾರೆ. ಶಿರಾಡಿಯಲ್ಲಿ ಗುಡ್ಡ ಕುಸಿಯದಿದ್ದರೆ ಬೆಳಗ್ಗೆ ನಿನ್ನ ಕೈಸೇರುತ್ತದೆ. ಎಣ್ಣೆ ಕಡಿಮೆ ಹಾಕಿ ಕಾಯಿಸಿಕೊ. ಗುರುವಾರ ಸಹಿ ಎಂದಿದ್ದಾರಲ್ಲ, ಬುಧವಾರ ರಾತ್ರಿ ಕರೆ ಮಾಡು. ಏಳನೆಯ ಪುಟವನ್ನು ಇಬ್ಬರೂ ಕೂತು ಒಂದೊಂದೇ ಸಾಲಾಗಿ ಓದೋಣ.

ನಿನ್ನ,
ಅಮ್ಮ