ಚೆಂಡು ಬಿದ್ದರೂ ಅದು ಕ್ಯಾಚೇ

ಮಾನ್ಯರೇ,

ಕಳೆದ ವಾರ ಉಡುಪಿಯಲ್ಲಿ ಮಗಳ ಸಾಫ್ಟ್‌ಬಾಲ್ ಪಂದ್ಯಕ್ಕೆ ಹೋಗಿದ್ದೆ. ಒಬ್ಬಳು ಹುಡುಗಿ ಚೆಂಡನ್ನು ಗ್ಲೌಸ್‌ನಲ್ಲಿ ಗಟ್ಟಿಯಾಗಿ ಹಿಡಿದು, ಎಸೆಯಲೆಂದು ಇನ್ನೊಂದು ಕೈಗೆ ತೆಗೆದುಕೊಳ್ಳುವಾಗ ಅದು ಜಾರಿ ಬಿತ್ತು. ಅಂಪೈರ್ ಔಟ್ ಕೊಟ್ಟರು, ಅಷ್ಟಕ್ಕೇ ಪೋಷಕರು ಕೂಗಾಡಿ ಕಾಲು ಗಂಟೆ ಆಟ ನಿಂತಿತು.

ತೀರ್ಪು ಸರಿಯೇ ಇತ್ತು. ಚೆಂಡು ಹತೋಟಿಗೆ ಬಂದ ಮೇಲೆ ಎಸೆಯಲು ಹೋಗಿ ಬಿದ್ದರೆ ಅದು ಕ್ಯಾಚೇ. ಹಿಡಿದ ಕೂಡಲೇ ತಾನೂ ಬಿದ್ದೋ ಬೇಲಿಗೆ ಗುದ್ದಿಯೋ ಚೆಂಡು ಕೈಜಾರಿದರೆ ಮಾತ್ರ ಅದು ಕ್ಯಾಚ್ ಅಲ್ಲ. ಅಂಪೈರ್ ಕಣ್ಣಾರೆ ನೋಡಿ ಕೊಟ್ಟ ತೀರ್ಪಿಗೆ ಪ್ರೊಟೆಸ್ಟ್ (ಅಧಿಕೃತ ಆಕ್ಷೇಪ) ಇಲ್ಲ, ನಿಯಮವನ್ನೇ ತಪ್ಪಾಗಿ ಹೇಳಿದರೆ ಕೋಚ್ ಮುಂದಿನ ಪಿಚ್‌ಗೆ, ಅಂದರೆ ಬ್ಯಾಟರ್‌ಗೆ ಹಾಕುವ ಮುಂದಿನ ಎಸೆತಕ್ಕೆ, ಮೊದಲೇ ಕೇಳಬೇಕು. ಸುಮ್ನೆ ಗ್ಯಾಲರಿಯಿಂದ ಬೈಯುವುದು ಯಾಕೆ?

ಆಯೋಜಕರು ಪಂದ್ಯಕ್ಕೆ ಮೊದಲು ಐದು ನಿಮಿಷ ಪೋಷಕರಿಗೂ ಇದನ್ನು ಹೇಳಿಕೊಡಲಿ. ಅವತ್ತು ಆ ಹುಡುಗಿ ಅಳುತ್ತಾ ನಿಂತಿದ್ದಳು.

– ಆಟಗಾರ್ತಿಯ ತಂದೆ, ಮಣಿಪಾಲ