ನಲ್ಲಿ ಬಂದಿದೆ, ಕುಡಿಯೋ ನೀರು ಇನ್ನೂ ಬಂದಿಲ್ಲ

ಮಾನ್ಯ ಸಂಪಾದಕರೇ,

ಚಳ್ಳಕೆರೆ ತಾಲ್ಲೂಕಿನ ನಮ್ಮೂರಲ್ಲಿ ಈಗ ಮನೆ ಮನೆಗೂ ನಲ್ಲಿ ಇದೆ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನಲ್ಲಿ ಆದ ಕೆಲಸ. ಬಳಸೋ ನೀರಿಗೆ ಕೊಡ ಹೊತ್ತು ಅಲೆಯುವುದು ತಪ್ಪಿತು, ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ನಲ್ಲಿಯಲ್ಲಿ ಬರುವುದು ಅದೇ ಹಳೇ ಬೋರ್ ನೀರು, ನೆಲದಡಿಯ ಕಲ್ಲಿನಿಂದ ಸೇರುವ ಫ್ಲೋರೈಡ್ ಅನ್ನೋ ಲವಣ ಜಾಸ್ತಿ ಇರುವ ನೀರು. ಕುಡಿಯೋಕೆ ಈಗಲೂ ಶುದ್ಧ ನೀರಿನ ಘಟಕಕ್ಕೇ ಹೋಗಬೇಕು.

ಸಂಜೆ ಹೊತ್ತು ಅಲ್ಲಿ ನಿಂತು ನೋಡಿ. ಬೈಕ್ ಇದ್ದವರು ಎರಡೂ ಕಡೆ ಕ್ಯಾನ್ ನೇತುಹಾಕಿಕೊಂಡು ಬಂದು, ಕಾಯಿನ್ ಹಾಕಿ, ತುಂಬಿಕೊಂಡು ಹೋಗುತ್ತಾರೆ. ಕಾಲೊನಿಯ ಕೊನೇ ಮನೆಯಿಂದ ನಡೆದು ಬರುವ ಅಜ್ಜಿಗೆ 20 ಲೀಟರ್ ಹೊರೋಕೆ ಆಗಲ್ಲ. ಕಾಯಿನ್ ಹಾಕಿದರೆ 20 ಲೀಟರ್ ಬಿದ್ದೇ ಬೀಳುತ್ತದೆ. ಅವರ ಸಣ್ಣ ಕೊಡ ತುಂಬಿದ ಮೇಲೆ ಮಿಕ್ಕಿದ್ದು ಹಿಂದೆ ನಿಂತವರ ಕ್ಯಾನಿಗೆ, ಇಲ್ಲದಿದ್ದರೆ ಚರಂಡಿಗೆ. ದುಡ್ಡು ಮಾತ್ರ ಪೂರ್ತಿ. ಕೂಲಿ ಮುಗಿಸಿ ಕತ್ತಲಾದ ಮೇಲೆ ಬರುವ ಹೆಣ್ಣುಮಕ್ಕಳಿಗೆ ಕಾಣುವುದು ಬೀಗ. ಇನ್ನು ಮಷಿನ್ ಕೆಟ್ಟರಂತೂ ಕೇಳಬೇಡಿ. ಅನುಕೂಲಸ್ಥರ ಮನೆಯಲ್ಲಿ ಸ್ವಂತ ಫಿಲ್ಟರ್ ಇದೆ. ಉಳಿದವರು ನಲ್ಲಿ ನೀರನ್ನೇ ಕುಡಿಯುತ್ತಾರೆ, ಮಕ್ಕಳಿಗೂ ಅದನ್ನೇ ಕುಡಿಸುತ್ತಾರೆ.

ಕಾಯಿಸಿ ಕುಡಿದರಾಯ್ತು ಅಲ್ವಾ ಅನ್ನುವವರಿದ್ದಾರೆ. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗಲ್ಲ. ನೀರು ಬತ್ತಿದಷ್ಟೂ ಉಳಿದ ನೀರಲ್ಲಿ ಅದರ ಅಂಶ ಜಾಸ್ತಿಯೇ ಆಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಇದೆ. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ಗಳು ಅದನ್ನು ದಾಟಿವೆ. ಹಲ್ಲು ಇನ್ನೂ ಒಸಡಿನೊಳಗೆ ಬೆಳೆಯುತ್ತಿರುವ ವಯಸ್ಸಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ, ಈ ನೀರು ಕುಡಿದ ಮಕ್ಕಳ ಹಲ್ಲಿಗೆ ಕಂದು ಕಲೆ ಬರುತ್ತದೆ. ಎಷ್ಟು ಉಜ್ಜಿದರೂ ಹೋಗಲ್ಲ. ವರ್ಷಗಟ್ಟಲೆ ಕುಡಿದವರಿಗೆ ಕೀಲು ಹಿಡಿದುಕೊಳ್ಳುತ್ತದೆ, ಬೆನ್ನು ಬಾಗುತ್ತದೆ.

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಜನರ ಪ್ರಾಣ ತೆಗೆದಾಗ ಇಡೀ ರಾಜ್ಯ ಈ ಕಡೆ ತಿರುಗಿ ನೋಡಿತು. ಫ್ಲೋರೈಡ್ ಹಾಗೆ ಒಂದೆರಡು ದಿನದಲ್ಲಿ ಕೊಲ್ಲಲ್ಲ. ಅದಕ್ಕೇ ಇರಬೇಕು, ಯಾರಿಗೂ ಅವಸರ ಕಾಣುತ್ತಿಲ್ಲ.

ತುಂಗಭದ್ರಾ ಹಿನ್ನೀರು ಯೋಜನೆಯ ಕುಡಿಯೋ ನೀರು ಊರೂರಿಗೆ ತಲುಪಿದರೆ ಬೋರ್ ಸಹವಾಸವೇ ಬೇಡ, ಒಪ್ಪುತ್ತೇನೆ. ತಲುಪುವ ತನಕ ಏನು? ಅಲ್ಲಿಯವರೆಗೆ ಅಂಗನವಾಡಿ, ಶಾಲೆಗಳಿಗಾದರೂ ಘಟಕದ ನೀರನ್ನು ಪಂಚಾಯಿತಿಯೇ ದಿನಾ ಮುಟ್ಟಿಸಲಿ, ಕುಡಿಯೋಕೂ ಅಡುಗೆಗೂ. ಹೊರಲಾಗದ ವಯಸ್ಸಾದವರ ಮನೆಗೂ ಅದೇ ಗಾಡಿ ಹೋಗಲಿ. ಘಟಕದಲ್ಲಿ 10 ಲೀಟರ್ ತುಂಬುವ ವ್ಯವಸ್ಥೆ ಮಾಡಿ, ಅರ್ಧ ದುಡ್ಡು ತೆಗೆದುಕೊಳ್ಳಲಿ. ಇನ್ನೊಂದು ಮಾತು. ಊರಿನ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಮಾಡುವ ತರಬೇತಿ ಕೊಡಬೇಕು ಅಂತ ಜಲಜೀವನ್ ಮಿಷನ್‌ನಲ್ಲೇ ಇದೆ. ಪರೀಕ್ಷೆ ಮಾಡುವ ಕಿಟ್ ಅವರ ಕೈಗೆ ಕೊಡಿ. ಪರೀಕ್ಷೆಯಲ್ಲಿ ಫ್ಲೋರೈಡ್ ಎಷ್ಟು ಬಂತು ಅಂತ ಟ್ಯಾಂಕಿನ ಗೋಡೆ ಮೇಲೆ ದೊಡ್ಡದಾಗಿ ಬರೆಸಿ.

ಜಿಲ್ಲಾ ಪಂಚಾಯಿತಿಯವರು ಮುಂದಿನ ಸಭೆಯಲ್ಲಿ ಎಷ್ಟು ನಲ್ಲಿ ಹಾಕಿದ್ದೇವೆ ಅನ್ನುವ ಲೆಕ್ಕದ ಜೊತೆಗೆ, ಅದರಲ್ಲಿ ಎಷ್ಟು ನಲ್ಲಿಯ ನೀರು ಕುಡಿಯೋಕೆ ಯೋಗ್ಯ ಅನ್ನುವುದನ್ನೂ ಜನರ ಮುಂದೆ ಇಡಬೇಕು ಅಂತ ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ಓದುಗ, ಚಳ್ಳಕೆರೆ ತಾಲ್ಲೂಕು